ಸಂಪ್ ಮಾಪಕದ ಕೈಪಿಡಿ: ಚಿತ್ರಗಳ ಕೆಲಸ ಎಲ್ಲಿಗೆ ಬಂತು

ನಮ್ಮ ಅಪಾರ್ಟ್‌ಮೆಂಟಿನ ಸಂಪ್‌ನಲ್ಲಿ ನೀರು ಎಷ್ಟಿದೆ ಅಂತ ಫೋನಿನಲ್ಲೇ ತೋರಿಸುವ ಸಾಫ್ಟ್‌ವೇರ್ ಈಗ ಚೆನ್ನಾಗಿ ಓಡುತ್ತಿದೆ. ಕಾವೇರಿ ನೀರು, ಬೋರ್‌ವೆಲ್, ಟ್ಯಾಂಕರ್ ಮೂರನ್ನೂ ಲೆಕ್ಕ ಹಾಕುತ್ತಾ ಬದುಕುವ ಬೆಂಗಳೂರಿನಲ್ಲಿ ಇದು ಎಲ್ಲರಿಗೂ ಬೇಕು. ಬೇರೆಯವರೂ ಮಾಡಿಕೊಳ್ಳಲಿ ಎಂದು ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇವೆ. ಅದಕ್ಕೆ ಸ್ಫಿಂಕ್ಸ್ ಎಂಬ ಸಾಫ್ಟ್‌ವೇರ್ ಬಳಸುತ್ತೇವೆ. ಒಂದೇ ಬರಹದಿಂದ ವೆಬ್ ಪುಟವೂ ಬರುತ್ತದೆ, ಪಿಡಿಎಫ್ ಕೂಡ ಬರುತ್ತದೆ.

ಈ ಸಲ ಕೈ ಹಾಕಿದ್ದು ಚಿತ್ರಗಳಿಗೆ. ಕರಡಿನ ತುಂಬ ‘ಕೆಳಗಿನ ಚಿತ್ರ ನೋಡಿ’ ಎಂದೇ ಇತ್ತು. ವೆಬ್‌ನಲ್ಲಿ ಅದು ನಡೆಯುತ್ತದೆ. ಪಿಡಿಎಫ್‌ನಲ್ಲಿ ಹಾಗಲ್ಲ. ಅಲ್ಲಿ ಪುಟ ಕಟ್ಟುವುದು ಲೇಟೆಕ್ ಎಂಬ ಇನ್ನೊಂದು ಸಾಫ್ಟ್‌ವೇರ್. ಪುಟದಲ್ಲಿ ಜಾಗ ಸಾಲದಿದ್ದರೆ ಅದು ಚಿತ್ರವನ್ನು ಮುಂದಿನ ಪುಟಕ್ಕೆ ತಳ್ಳಿಬಿಡುತ್ತದೆ.

ಮೇಲಿನ ಮನೆ ಅಂಕಲ್ ಪ್ರಿಂಟ್ ತೆಗೆಸಿಕೊಂಡು, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಿಂದ ನೀರಿನ ಮಟ್ಟ ಅಳೆಯುವ ಸೆನ್ಸರ್ ತಂದು ಜೋಡಿಸಲು ಕೂತಿದ್ದರು. ‘ಎಕೋ ಪಿನ್ ಅನ್ನು ಕೆಳಗಿನ ಚಿತ್ರದಂತೆ ಜೋಡಿಸಿ’ ಎಂಬ ಸಾಲಿನ ಕೆಳಗೆ ಇದ್ದದ್ದು ಪವರ್ ಸಪ್ಲೈ ಚಿತ್ರ. “ಇದರಲ್ಲಿ ಎಕೋನೇ ಇಲ್ವಲ್ಲಪ್ಪಾ?” ಎಂದರು. ಬೇಕಾದ ಚಿತ್ರ ಹಾಳೆಯ ಹಿಂಬದಿಯಲ್ಲಿತ್ತು. ಇದು ಸಣ್ಣ ವಿಷಯ ಅಲ್ಲ. ನಾವು ಬಳಸುವ ಎಚ್‌ಸಿ-ಎಸ್‌ಆರ್04 ಸೆನ್ಸರ್‌ನ ಎಕೋ ಪಿನ್‌ನಿಂದ, ಅಂದರೆ ಅಳತೆಯ ಸಂಕೇತ ಹೊರಬರುವ ಪಿನ್‌ನಿಂದ, 5 ವೋಲ್ಟ್ ಬರುತ್ತದೆ. ಆ ಸಂಕೇತ ಓದುವ ಇಎಸ್‌ಪಿ32 ಬೋರ್ಡಿನ ಪಿನ್‌ಗಳು 3.3 ವೋಲ್ಟಿನವು. ನಡುವೆ 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಲೇಬೇಕು. ಆ ಚಿತ್ರ ಕಣ್ಣಿಗೆ ಬೀಳದೆ ನೇರವಾಗಿ ಜೋಡಿಸಿದರೆ ಬೋರ್ಡ್ ಹಾಳಾಗಬಹುದು.

ಅದಕ್ಕೇ ‘ಮೇಲೆ’, ‘ಕೆಳಗೆ’ ಎಲ್ಲವನ್ನೂ ತೆಗೆದೆವು. ಸೆಟ್ಟಿಂಗ್‌ನಲ್ಲಿ ನಮ್‌ಫಿಗ್ ಎಂಬ ಆಯ್ಕೆ ಆನ್ ಮಾಡಿದರೆ ಸ್ಫಿಂಕ್ಸ್ ತಾನೇ ಚಿತ್ರಗಳಿಗೆ ನಂಬರ್ ಹಾಕುತ್ತದೆ. ಮೂಲ ಬರಹದಲ್ಲಿ ಪ್ರತಿ ಚಿತ್ರಕ್ಕೂ ಮುಂಚೆ ಒಂದು ಲೇಬಲ್, ಅಂದರೆ ಗುರುತಿನ ಹೆಸರು ಇಟ್ಟು, ಬೇಕಾದ ಕಡೆ ನಮ್‌ರೆಫ್ ಎಂಬ ಆದೇಶದ ಮೂಲಕ ಆ ಲೇಬಲ್ ಕರೆದರೆ ಸಾಕು, ಅಲ್ಲಿ ಚಿತ್ರದ ನಂಬರ್ ಬರುತ್ತದೆ. ಅಧ್ಯಾಯ ಹಿಂದೆ ಮುಂದೆ ಆದರೂ ನಂಬರ್ ತಪ್ಪುವುದಿಲ್ಲ. ಲೇಬಲ್ ಹೆಸರಿನಲ್ಲಿ ಮಾತ್ರ ನಂಬರ್ ಬೇಡ. ‘ಎಕೋ-ರೆಸಿಸ್ಟರ್’ ಅಂತಿದ್ದರೆ ಎಂದಿಗೂ ಸರಿ, ‘ಚಿತ್ರ-3’ ನಾಳೆಯೇ ಸುಳ್ಳಾಗಬಹುದು. ಇನ್ನೊಂದು, ಅಡಿಬರಹ ಇಲ್ಲದ ಚಿತ್ರಕ್ಕೆ ನಂಬರ್ ಸಿಗುವುದೇ ಇಲ್ಲ. ಸುಮ್ನೆ ‘ಇಮೇಜ್’ ಅಂತ ಸೇರಿಸಿದ್ದವನ್ನೆಲ್ಲ ಅಡಿಬರಹಕ್ಕೆ ಜಾಗವಿರುವ ‘ಫಿಗರ್’ ಮಾಡಿ ಅಡಿಬರಹ ಬರೆಯಬೇಕಾಯಿತು. ಮೊದಲೇ ಇರುವ ‘ಫಿಗ್.’ ಬದಲು ‘ಚಿತ್ರ’ ಎಂದು ಬರುವಂತೆ ಮಾಡಲು ಒಂದೇ ಸಾಲು ಸಾಕು.

ಕನ್ನಡಕ್ಕೇ ಅಂತ ಒಂದು ತೊಡಕು ಇತ್ತು. ನಾವು ‘ಚಿತ್ರ 2.3ರಲ್ಲಿ’ ಎಂದು ಪ್ರತ್ಯಯವನ್ನು ಅಂಟಿಸಿಯೇ ಬರೆಯುತ್ತೇವೆ, ಅಲ್ವಾ? ಆದರೆ ಸ್ಫಿಂಕ್ಸ್‌ಗೆ ನಾವು ಬರೆಯುವ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಬರವಣಿಗೆಯ ರೂಪದಲ್ಲಿ ಉಲ್ಲೇಖ ಮುಗಿದ ಮೇಲೆ ಖಾಲಿ ಜಾಗವೋ ವಿರಾಮ ಚಿಹ್ನೆಯೋ ಇರಬೇಕು. ಅಕ್ಷರ ಅಂಟಿದರೆ ಅದನ್ನು ಉಲ್ಲೇಖ ಎಂದೇ ಗುರುತಿಸುವುದಿಲ್ಲ. ಉಲ್ಲೇಖದ ಕೊನೆಗೆ ಬ್ಯಾಕ್‌ಸ್ಲ್ಯಾಶ್, ಒಂದು ಸ್ಪೇಸ್, ಆಮೇಲೆ ‘ರಲ್ಲಿ’ ಎಂದು ಬರೆದರೆ ಆ ಎರಡೂ ಅಳಿದು ಪ್ರತ್ಯಯ ನಂಬರಿಗೆ ಅಂಟಿಕೊಳ್ಳುತ್ತದೆ. ಒಂದರಲ್ಲಿ, ಐದರಲ್ಲಿ, ಹನ್ನೆರಡರಲ್ಲಿ... ನೂರರವರೆಗೂ ‘ರಲ್ಲಿ’ ಹೊಂದುತ್ತದೆ. ಹಾಗಾಗಿ ನಂಬರ್ ಬದಲಾದರೂ ವ್ಯಾಕರಣ ಕೆಡುವುದಿಲ್ಲ. ಇದು ಸಿಕ್ಕ ದಿನ ನನಗೆ ನಿಜಕ್ಕೂ ಖುಷಿಯಾಯಿತು.

ನಂಬರ್ ಬಂದರೆ ಅರ್ಧ ಕೆಲಸ ಮಾತ್ರ ಆದಂತೆ. ಚಿತ್ರದಲ್ಲಿ ಏನು ನೋಡಬೇಕು ಅಂತಲೂ ಹೇಳಬೇಕು. ಈಗ ಆ ಸಾಲು ಹೀಗಿದೆ: ‘ಎಕೋ ಪಿನ್ ಮತ್ತು ಬೋರ್ಡಿನ ನಡುವೆ ಎರಡು ರೆಸಿಸ್ಟರ್ ಇರುವುದನ್ನು ಚಿತ್ರ 2.3ರಲ್ಲಿ ನೋಡಿ.’

ಲೇಬಲ್ ತಪ್ಪಿದರೆ ಬಿಲ್ಡ್, ಅಂದರೆ ಬರಹದಿಂದ ಕೈಪಿಡಿ ತಯಾರಿಸುವ ಹಂತ, ವಿಫಲವಾಗುವಂತೆ ಎಚ್ಚರಿಕೆಗಳನ್ನೆಲ್ಲ ದೋಷವೆಂದೇ ಎಣಿಸುವ ಆಯ್ಕೆ ಹಾಕಿದ್ದೇವೆ. ಇನ್ನು ಉಳಿದಿರುವುದು ಆಲ್ಟ್ ಪಠ್ಯ, ಅಂದರೆ ಚಿತ್ರದಲ್ಲಿ ಏನಿದೆ ಎಂದು ಮಾತಿನಲ್ಲಿ ಹೇಳುವ ಬರಹ. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದಾಗಿ ಬರೆಯಬೇಕು. ವೈರಿಂಗ್ ಅಧ್ಯಾಯದಿಂದಲೇ ಶುರು ಮಾಡಿದ್ದೇನೆ.