ಕುಮಟಾದಿಂದ ಗೋಕರ್ಣಕ್ಕೆ: ಇಳಿತ ನೋಡಿ ನಡೆಯುವ ದಾರಿ

ಕುಮಟಾದಿಂದ ಗೋಕರ್ಣಕ್ಕೆ ಬಸ್ಸಿನಲ್ಲಿ ಒಂದು ಗಂಟೆ ಸಾಕು. ಕಡಲಂಚು ಹಿಡಿದು ನಡೆದರೆ ಸುಮಾರು 25 ಕಿ.ಮೀ. ಹೆಚ್ಚಿನವರು ಇದನ್ನು ಎರಡು ದಿನದಲ್ಲಿ ಮುಗಿಸುತ್ತಾರೆ. ಮೂರು ದಿನ ಇಟ್ಟುಕೊಂಡು, ನಡುವಿನ ಒಂದು ದಿನವನ್ನು ಪೂರ್ತಿ ಅಘನಾಶಿನಿ ಅಳಿವೆಗೆ ಕೊಡುವುದು ಒಳ್ಳೆಯದು. ಓಂ ಬೀಚಿನ ಚಿತ್ರ ನೋಡದವರು ಕಡಿಮೆ. ಈ ದಾರಿಯ ದೊಡ್ಡ ಸಂಪತ್ತು ಇರುವುದು ಮಾತ್ರ ಅಳಿವೆಯಲ್ಲಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ಸರಿಯಾದ ಕಾಲ. ಮಳೆಗಾಲದಲ್ಲಿ ತೆರೆಗಳು ದಂಡೆಯನ್ನೇ ಮುಚ್ಚುತ್ತವೆ, ಬಂಡೆಗಳು ಪಾಚಿಗಟ್ಟುತ್ತವೆ, ಆಗ ಹೋಗಲೇಬಾರದು. ಮಾರ್ಚ್ ದಾಟಿದರೆ ಮರವಿಲ್ಲದ ಗುಡ್ಡಗಳ ಮೇಲೆ ಬಿಸಿಲು ತಡೆಯಲಾಗದು.

ಹೊರಡುವ ದಿನ ಗೊತ್ತುಮಾಡುವ ಮೊದಲು ಕಾರವಾರ ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಬೇಕು. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಹತ್ತಿರಹತ್ತಿರ ಆರು ಗಂಟೆ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಎರಡು ಇಳಿತಗಳೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ, ಆದ್ದರಿಂದ ಹೊತ್ತಿನ ಜೊತೆಗೆ ಎತ್ತರವನ್ನೂ ಓದಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ನೀರು ಅತಿ ಹೆಚ್ಚು ಏರುತ್ತದೆ, ಅಷ್ಟೇ ಕೆಳಗೂ ಇಳಿಯುತ್ತದೆ. ಬಂಡೆಗಳ ಬುಡದಲ್ಲಿ ದಾಟುವ ಕಡೆ, ನೀರು ಇನ್ನೂ ಇಳಿಯುತ್ತಿರುವಾಗಲೇ ಕಾಲಿಡಬೇಕು. ಇಳಿತ ಮುಗಿದ ಮೇಲೆ ಹೊರಟರೆ ನಡುದಾರಿಯಲ್ಲಿ ನೀರು ಏರತೊಡಗುತ್ತದೆ, ಹಿಂದಿನ ಮರಳೂ ಮುಳುಗಿರುತ್ತದೆ. ಈ ದಾರಿಯಲ್ಲಿ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಹೀಗೆಯೇ.

ಹಿಂದಿನ ದಿನವೇ ಬಂದರೆ ಕುಮಟಾದ ದಕ್ಷಿಣಕ್ಕಿರುವ ಧಾರೇಶ್ವರ ನೋಡಿಕೊಳ್ಳಬಹುದು. ರಾವಣ ತಂದ, ಗೋಕರ್ಣದಲ್ಲಿ ನೆಲಕ್ಕಂಟಿದ ಆತ್ಮಲಿಂಗದ ಕಥೆಯಲ್ಲಿ, ಲಿಂಗಕ್ಕೆ ಸುತ್ತಿದ್ದ ದಾರವನ್ನು ಅವನು ಸಿಟ್ಟಿನಿಂದ ಎಸೆದಾಗ ಅದು ಬಿದ್ದ ಜಾಗವಿದು. ಗೋಕರ್ಣ, ಮುರ್ಡೇಶ್ವರ, ಗುಣವಂತೆ, ಧಾರೇಶ್ವರ, ಸೆಜ್ಜೇಶ್ವರ ಸೇರಿ ಪಂಚಕ್ಷೇತ್ರ. ನಡಿಗೆಗೆ ಇಲ್ಲಿಂದ ಮನಸ್ಸು ಕೂಡಿಸಿಕೊಳ್ಳುವುದು ಚೆಂದ.

ಮೊದಲ ದಿನ ಕುಮಟಾದ ವನ್ನಳ್ಳಿಯಿಂದ ಹೊರಟು ಕಡ್ಲೆ, ಬಾಡದ ದಂಡೆಗಳನ್ನು ದಾಟಿ ಉತ್ತರಕ್ಕೆ ಸಾಗಬೇಕು. ಮರಳು, ಆಮೇಲೆ ಗುಡ್ಡದ ಮೂತಿ, ಮತ್ತೆ ಮರಳು: ಇದೇ ಕ್ರಮ. ತೆರೆ ಮುಟ್ಟಿ ಹೋದ ಒದ್ದೆ ಮರಳು ಗಟ್ಟಿ, ನಡೆಯಲು ಸಲೀಸು. ಒಣಮರಳಿನಲ್ಲಿ ಕಾಲು ಹೂತು ಮೀನಖಂಡ ಬೇಗ ಸೋಲುತ್ತದೆ. ಗುಡ್ಡಗಳ ನೆತ್ತಿ ಜಂಬಿಟ್ಟಿಗೆಯದು. ಇಳಿಜಾರಿನಲ್ಲಿ ಅದರ ಉರುಟು ಪುಡಿಗಲ್ಲುಗಳು ಕಾಲಡಿ ಉರುಳುತ್ತವೆ, ಮೇಲೆ ಒಣಹುಲ್ಲು ಮುಚ್ಚಿದ್ದರೆ ಕಾಣುವುದೂ ಇಲ್ಲ. ಹಿಡಿತವಿರುವ ಬೂಟು ಬೇಕು, ಚಪ್ಪಲಿ ಆಗದು. ಅಂಚಿನ ತುದಿಗೆ ಹೋಗಿ ನಿಲ್ಲಬೇಡಿ: ಅಡಿಭಾಗವನ್ನು ತೆರೆ ಕೊರೆದಿರುತ್ತದೆ. ಒಬ್ಬರಿಗೆ ಮೂರು ಲೀಟರ್ ನೀರು ಹೊತ್ತುಕೊಂಡು, ಊರು ಸಿಕ್ಕಲ್ಲೆಲ್ಲ ತುಂಬಿಕೊಳ್ಳಿ.

ಸಂಜೆಗೆ ನದಿಯ ದಕ್ಷಿಣ ದಡದ ಅಘನಾಶಿನಿ ಊರು. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿಯಿದು. ಮಲೆನಾಡಿನ ಹೂಳು, ಸಿಹಿನೀರು, ಕಡಲಿನ ಉಪ್ಪು ಇನ್ನೂ ತಮ್ಮ ಲಯದಲ್ಲೇ ಬೆರೆಯುವುದರಿಂದ ಅಳಿವೆ ಇಷ್ಟು ಸಮೃದ್ಧವಾಗಿದೆ. ಎರಡನೆಯ ದಿನ ಇಳಿತದ ಹೊತ್ತಿನಲ್ಲಿ ದಡಕ್ಕೆ ಹೋಗಿ ನೋಡಿ. ನಡುನೀರಿನಲ್ಲಿ ಮಣ್ಣು ಮೇಲೇಳುತ್ತದೆ, ಹೆಂಗಸರು-ಗಂಡಸರು ಇಳಿದು ಬೆಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಬಲೆಯಿಲ್ಲದ, ದೋಣಿಯಿಲ್ಲದ ಮನೆಗೂ ಅಳಿವೆ ಅನ್ನ ಕೊಡುವುದು ಹೀಗೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಮೀನು, ಸಿಗಡಿ, ಏಡಿಗಳ ಮರಿಗಳು ಬೆಳೆಯುತ್ತವೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದಕ್ಕೂ ಮೊದಲು ನದಿಯ ಉತ್ತರ ದಡದ ತದಡಿಯಲ್ಲಿ ದೊಡ್ಡ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. ಜನ ಒಟ್ಟಾಗಿ ವಿರೋಧಿಸಿದ್ದರಿಂದ ಅದು ನಿಂತಿತು.

ಹಿನ್ನೀರಿನ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿಗೂ ಒಂದು ಸುತ್ತು ಹಾಕಿ. ಇಲ್ಲಿನ ಕಗ್ಗ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ. ಜೂನ್ ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಿತ್ತುತ್ತಾರೆ, ಗೊಬ್ಬರ ಹಾಕುವುದಿಲ್ಲ. ಕೊಯ್ಯುವುದು ತೆನೆ ಮಾತ್ರ. ನೀರಿನಲ್ಲಿ ಉಳಿದ ಹುಲ್ಲು ಕೊಳೆತು ಮೀನು-ಸಿಗಡಿಗಳಿಗೆ ಮೇವಾಗುತ್ತದೆ, ಅವುಗಳ ಹಿಂದೆ ಹಕ್ಕಿಗಳು ಬರುತ್ತವೆ. ಉಪ್ಪುನೀರು ತಡೆಯುವ ಕಟ್ಟೆ ಒಡೆದರೆ ಇಡೀ ಬಯಲು ಕೆಡುತ್ತದೆ, ಹಾಗಾಗಿ ಅದರ ಕಾವಲು ಒಬ್ಬರ ಕೆಲಸವಾಗಿರಲು ಸಾಧ್ಯವಿಲ್ಲ. ಹೊಳೆಯಾಚೆ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳು. ಉಬ್ಬರದ ನೀರನ್ನು ಒಂದರಿಂದ ಒಂದು ಪಾತಿಗೆ ಹರಿಸಿ, ಬಿಸಿಲಿಗೆ ಇಂಗಿಸಿ ಉಪ್ಪು ಮಾಡುತ್ತಾರೆ. ಬೇಸಿಗೆಯ ಕೆಲಸವಿದು, ಡಿಸೆಂಬರಿನಲ್ಲಿ ಹೋದರೆ ಪಾತಿ ಸರಿಮಾಡುವುದಷ್ಟೇ ಕಾಣಬಹುದು. ಬದುಗಳ ಮೇಲೆ ಕೇಳದೆ ಕಾಲಿಡಬೇಡಿ.

ಅಘನಾಶಿನಿಯಿಂದ ತದಡಿಗೆ ತಾರಿಯ ದೋಣಿಯುಂಟು. ಕತ್ತಲಾದ ಮೇಲೆ ದೋಣಿ ನಂಬಿಕೊಳ್ಳಬೇಡಿ. ತಪ್ಪಿದರೆ ಕುಮಟಾ, ಮಿರ್ಜಾನ್ ಸುತ್ತಿ 30 ಕಿ.ಮೀ.ಗೂ ಹೆಚ್ಚು ರಸ್ತೆ ಹಿಡಿಯಬೇಕು. ಮಿರ್ಜಾನ್ ಕೋಟೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡಿದೆ. ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದದ್ದು ಅವಳನ್ನೇ. ನಡಿಗೆಯ ದಾರಿಯಿಂದ ದೂರ, ಹಿಂತಿರುಗುವಾಗ ನೋಡಬಹುದು.

ಕೊನೆಯ ದಿನ ತದಡಿಯಿಂದ ಬೆಲೇಖಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಗೋಕರ್ಣ. ದೂರ ಕಡಿಮೆ, ಕಷ್ಟ ಹೆಚ್ಚು. ಬೆಲೇಖಾನ್‌ನಿಂದ ಪ್ಯಾರಡೈಸ್‌ಗೆ ಕಡಲಬದಿಯ ಬಂಡೆಗಳ ಮೇಲೆ ಹೋಗುವುದು ನೀರು ಚೆನ್ನಾಗಿ ಇಳಿದಿದ್ದು ಇನ್ನೂ ಇಳಿಯುತ್ತಿರುವಾಗ ಮಾತ್ರ, ಇಲ್ಲವಾದರೆ ಮೇಲಿನ ಗುಡ್ಡದ ಕಾಲುದಾರಿಯೇ ಸರಿ. ಕಪ್ಪಗೆ ಮಿನುಗುವ ಬಂಡೆ ಎಂದರೆ ಪಾಚಿ. ಚಿಪ್ಪು ಹತ್ತಿದ ಒರಟು ಬಂಡೆಯಲ್ಲಿ ಕಾಲು ನಿಲ್ಲುತ್ತದೆ, ಬರಿಗೈ ಮಾತ್ರ ಕೊಯ್ಯುತ್ತದೆ. ಈ ಕಡಲು ಈಜಲು ಸೌಮ್ಯವಲ್ಲ. ತೆರೆಗಳ ನಡುವೆ ನೊರೆಯಿಲ್ಲದೆ ಶಾಂತವಾಗಿ ಕಾಣುವ ಪಟ್ಟಿಯಲ್ಲೇ ಒಳಸೆಳೆತವಿರುತ್ತದೆ. ಸಿಕ್ಕಿಕೊಂಡರೆ ದಡದ ಕಡೆ ಎದುರೀಜದೆ, ದಂಡೆಗೆ ಸಮಾನಾಂತರವಾಗಿ ಈಜಿ ಹೊರಬರಬೇಕು.

ನಡಿಗೆಗೆ ಸರಿಯಾದ ಈ ತಿಂಗಳುಗಳಲ್ಲೇ ಕಡಲಾಮೆಗಳು ಮೊಟ್ಟೆಯಿಡಲು ಉತ್ತರ ಕನ್ನಡದ ದಂಡೆಗಳಿಗೆ ಬರುತ್ತವೆ. ರಾತ್ರಿ ಮರಳಿನ ಮೇಲೆ ಬೆಂಕಿ, ಬೆಳಕು ಬೇಡ. ಡೇರೆಯ ಬದಲು ಹಳ್ಳಿಯ ಮನೆಯಲ್ಲೋ ವಸತಿಗೃಹದಲ್ಲೋ ಉಳಿದರೆ ಊಟವೂ ಸಿಗುತ್ತದೆ.

ಗೋಕರ್ಣದಲ್ಲಿ ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ ಎನ್ನುವುದು ರೂಢಿ. ಗಂಡಸರಿಗೆ ಪಂಚೆ ಬೇಕು, ಅಂಗಿ ತೆಗೆಯಬೇಕು. ಒಂದು ಒಣ ಪಂಚೆಯನ್ನು ಚೀಲದ ತಳದಲ್ಲಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. ಶಿವರಾತ್ರಿಯ ರಥೋತ್ಸವದ ಆಸುಪಾಸಿನಲ್ಲಿ ಹೊರಡುವುದಾದರೆ ಕೋಣೆಯನ್ನು ಮುಂಚೆಯೇ ಗೊತ್ತುಮಾಡಿರಬೇಕು. ಗೋಕರ್ಣ ರೋಡ್ ರೈಲು ನಿಲ್ದಾಣ ಪೇಟೆಯಿಂದ ದೂರವಿದೆ, ರಾತ್ರಿಯ ರೈಲಿಗೆ ಆಟೋ ಹಗಲಲ್ಲೇ ಮಾತಾಡಿಟ್ಟುಕೊಳ್ಳಿ.