ರಕ್ತದ ವೈದ್ಯರೊಬ್ಬರು ಶ್ವಾಸಕೋಶದ ಗೆಡ್ಡೆಯಲ್ಲಿ ಕಂಡದ್ದು

ಶ್ವಾಸಕೋಶದ ಕ್ಯಾನ್ಸರಿನ ಅಣುಜೀವಶಾಸ್ತ್ರದ ಬಗ್ಗೆ ಈ ಎರಡು ದಶಕಗಳಲ್ಲಿ ಬಂದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ನಾನು ಮತ್ತೆ ಮತ್ತೆ ತೆಗೆದು ಓದುವುದು 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ, ಶ್ವಾಸಕೋಶದ ಗೆಡ್ಡೆಯಲ್ಲಿ ಎರಡು ಜೀನ್‌ಗಳ ಬೆಸುಗೆಯೊಂದನ್ನು ತೋರಿಸಿದ ಆರೇ ಪುಟಗಳ ಒಂದು ಬರಹವನ್ನು. ಜಪಾನಿನ ತೊಚಿಗಿ ಪ್ರಾಂತ್ಯದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿದ್ದ ಹಿರೊಯುಕಿ ಮಾನೊ ಅವರ ಪ್ರಯೋಗಾಲಯದಿಂದ ಬಂದ ಈ ಪ್ರಬಂಧದ ಮೊದಲ ಲೇಖಕರು ಮನಬು ಸೊಡ. ಹಳ್ಳಿಗಾಡಿಗೆ ವೈದ್ಯರನ್ನು ತಯಾರು ಮಾಡಲೆಂದು 1972ರಲ್ಲಿ ಸ್ಥಾಪನೆಯಾದ ಕಾಲೇಜೊಂದರಿಂದ ಇಂಥ ಕೆಲಸ ಹೊರಬಂತೆಂಬುದು ನನಗೆ ಇಂದಿಗೂ ಸಂತೋಷದ ವಿಷಯ.

ಮಾನೊ ಮೂಲತಃ ರಕ್ತರೋಗಗಳ ತಜ್ಞರು. ಅವರು ಕೇಳಿದ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ ಎಂದು ನನಗನ್ನಿಸುತ್ತದೆ. ರಕ್ತದ ಕ್ಯಾನ್ಸರುಗಳಲ್ಲಿ ವರ್ಣತಂತುಗಳು ಮುರಿದು ತಪ್ಪಾಗಿ ಬೆಸೆದುಕೊಳ್ಳುವುದು, ಆ ಬೆಸುಗೆಯ ಜಾಗದಲ್ಲಿ ಎರಡು ಜೀನ್‌ಗಳ ತುಂಡುಗಳು ಸೇರಿ ಹೊಸದೊಂದು ಪ್ರೋಟೀನ್ ಹುಟ್ಟುವುದು 1960ರಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಫಿಲಡೆಲ್ಫಿಯಾ ವರ್ಣತಂತು ಕಣ್ಣಿಗೆ ಬಿದ್ದಂದಿನಿಂದ ಹಂತಹಂತವಾಗಿ ತಿಳಿದು ಬಂದಿದ್ದ ಸಂಗತಿ. ಆ ಪ್ರೋಟೀನನ್ನೇ ತಡೆಯುವ ಇಮಾಟಿನಿಬ್ ಮಾತ್ರೆ 2001ರಲ್ಲಿ ಬಂದು ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ಆ ರಕ್ತದ ಕ್ಯಾನ್ಸರಿನ ಚಿಕಿತ್ಸೆಯನ್ನೇ ಬದಲಿಸಿತ್ತು. ಆದರೆ ಶ್ವಾಸಕೋಶ, ಸ್ತನ, ಕರುಳಿನಂಥ ಅಂಗಗಳ ಗಟ್ಟಿ ಗೆಡ್ಡೆಗಳಲ್ಲಿ ಇಂಥ ಬೆಸುಗೆಗಳಿಗೆ ಹೆಚ್ಚಿನ ಪಾತ್ರವಿಲ್ಲವೆಂಬ ಅಭಿಪ್ರಾಯ ಬಹುಕಾಲ ಉಳಿದಿತ್ತು. ಆ ಕೋಶಗಳ ವರ್ಣತಂತುಗಳು ಎಷ್ಟು ಅಸ್ತವ್ಯಸ್ತವಾಗಿರುತ್ತವೆಂದರೆ, ಯಾವ ಮುರಿತ ರೋಗಕ್ಕೆ ಕಾರಣ, ಯಾವುದು ರೋಗದ ಪರಿಣಾಮ ಎಂದು ಸೂಕ್ಷ್ಮದರ್ಶಕದಡಿಯಲ್ಲಿ ಬೇರ್ಪಡಿಸುವುದು ಅಸಾಧ್ಯವೆಂದೇ ಹೇಳಬೇಕು.

ಮಾನೊ ಆ ಗೋಜಿಗೇ ಹೋಗಲಿಲ್ಲ. ವರ್ಣತಂತುಗಳನ್ನು ನೋಡುವ ಬದಲು, ಕೋಶವನ್ನು ಕ್ಯಾನ್ಸರ್ ಆಗಿಸುವ ಶಕ್ತಿ ಈ ಗೆಡ್ಡೆಯ ಯಾವ ಜೀನಿಗಿದೆ ಎಂಬುದನ್ನು ಗೆಡ್ಡೆಯೇ ತೋರಿಸಿಕೊಡುವಂತೆ ಅವರ ತಂಡ ಪ್ರಯೋಗವನ್ನು ಹೂಡಿತು. ಧೂಮಪಾನದ ಅಭ್ಯಾಸವಿದ್ದ 62 ವರ್ಷದ ವ್ಯಕ್ತಿಯೊಬ್ಬರ ಶ್ವಾಸಕೋಶದ ಅಡಿನೋಕಾರ್ಸಿನೋಮದಿಂದ (ಗ್ರಂಥಿಯಂಥ ಕೋಶಗಳ ಕ್ಯಾನ್ಸರಿನಿಂದ) ಆರ್‌ಎನ್‌ಎ ತೆಗೆದು, ಅದಕ್ಕೆ ಹೊಂದುವ ಡಿಎನ್‌ಎ ಪ್ರತಿಗಳನ್ನು ತಯಾರಿಸಿ, ಆ ತುಂಡುಗಳನ್ನು, ಕೋಶದ ಡಿಎನ್‌ಎಯೊಳಗೆ ತನ್ನ ಜೀನನ್ನು ಸೇರಿಸುವ ರೆಟ್ರೊವೈರಸ್ಸಿಗೆ ಸೇರಿಸಿ, 3ಟಿ3 ಎಂಬ ಇಲಿಯ ಕೋಶಗಳೊಳಗೆ ಕಳುಹಿಸಿದರು. ಈ ಕೋಶಗಳ ಸ್ವಭಾವ ವಿಶಿಷ್ಟವಾದದ್ದು. ತಟ್ಟೆಯ ತಳದಲ್ಲಿ ಒಂದೇ ಪದರವಾಗಿ ಹರಡುತ್ತ ಹೋಗಿ, ಪಕ್ಕದ ಕೋಶ ತಗುಲಿದೊಡನೆ ಅವು ಬೆಳೆಯುವುದನ್ನು ನಿಲ್ಲಿಸುತ್ತವೆ. ಒಳಹೊಕ್ಕ ಜೀನ್ ಕ್ಯಾನ್ಸರ್ ಹುಟ್ಟಿಸುವಂಥದ್ದಾಗಿದ್ದರೆ ಮಾತ್ರ ಆ ಕೋಶ ನೆರೆಯವರ ಲೆಕ್ಕವಿಡದೆ ಒಂದರ ಮೇಲೊಂದು ಏರಿ, ಸಾರಿಸಿದ ನೆಲದಲ್ಲಿ ಎದ್ದ ಇರುವೆಗೂಡಿನ ಹಾಗೆ ಗುಪ್ಪೆಯಾಗುತ್ತದೆ. ಆ ಗುಪ್ಪೆಯನ್ನು ಎತ್ತಿ, ಅದರೊಳಗಿನ ಮಾನವ ಜೀನಿನ ತುಂಡನ್ನು ಹೊರತೆಗೆದು ಓದಿದರೆ ಉತ್ತರ ಸಿಗುತ್ತದೆ. ತಂತ್ರವೇನೂ ಹೊಸದಲ್ಲ. 1980ರ ದಶಕದ ಆರಂಭದಲ್ಲಿ ಮಾನವನ ಮೊದಲ ಕ್ಯಾನ್ಸರ್ ಜೀನ್‌ಗಳು ಸಿಕ್ಕಿದ್ದು ಇದೇ 3ಟಿ3 ಕೋಶಗಳಲ್ಲಿ. ಎಲ್ಲರೂ ಡಿಎನ್‌ಎ ಅಕ್ಷರಗಳನ್ನು ಓದುವ ಯಂತ್ರಗಳತ್ತ ಮುಖ ಮಾಡಿದ್ದ ಕಾಲದಲ್ಲಿ ಹಳೆಯ ಪ್ರಯೋಗವೊಂದನ್ನು ಹೊಸ ಸಾಮಗ್ರಿಯೊಂದಿಗೆ ಮತ್ತೆ ಕೈಗೆತ್ತಿಕೊಂಡದ್ದೇ ಈ ಕೆಲಸದ ಜಾಣತನ.

ಒಂದು ಗುಪ್ಪೆಯಿಂದ ಹೊರಬಂದ ತುಂಡಿನ ಮೊದಲ ಭಾಗ ಇಎಂಎಲ್4 ಎಂಬ ಜೀನಿಗೂ ಉಳಿದ ಭಾಗ ಎಎಲ್‌ಕೆ ಎಂಬ ಜೀನಿಗೂ ಸೇರಿತ್ತು. ಎಎಲ್‌ಕೆ ಅಪರಿಚಿತವೇನಲ್ಲ, 1994ರಲ್ಲಿಯೇ ಲಿಂಫೋಮಾ ಎಂಬ ದುಗ್ಧರಸ ಕೋಶಗಳ ಕ್ಯಾನ್ಸರಿನ ಒಂದು ಬಗೆಯಲ್ಲಿ ಅದು ಬೇರೊಂದು ಜೀನಿನೊಂದಿಗೆ ಬೆಸೆದುಕೊಂಡಿರುವುದು ಪತ್ತೆಯಾಗಿತ್ತು. ಇವೆರಡೂ ಎರಡನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿ, ಸುಮಾರು 1.2 ಕೋಟಿ ಅಕ್ಷರಗಳ ಅಂತರದಲ್ಲಿ, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮುಖ ಮಾಡಿಕೊಂಡಿರುತ್ತವೆ. ನಡುವಿನ ತುಣುಕು ಎರಡೂ ಕಡೆ ಕಡಿದು, ತಲೆಕೆಳಗಾಗಿ ತಿರುಗಿ ಮತ್ತೆ ಅಂಟಿಕೊಂಡರೆ ಎರಡೂ ಒಂದೇ ದಿಕ್ಕಿಗೆ ಸಾಲಾಗಿ ಬೆಸೆದುಕೊಳ್ಳುತ್ತವೆ. ವರ್ಣತಂತುವಿನ ಉದ್ದವಾಗಲಿ ಆಕಾರವಾಗಲಿ ಇದರಿಂದ ಎದ್ದುಕಾಣುವಂತೆ ಬದಲಾಗುವುದಿಲ್ಲ. ಅಷ್ಟು ವರ್ಷ ಇದು ಯಾರ ಕಣ್ಣಿಗೂ ಬೀಳದಿದ್ದುದರಲ್ಲಿ ಆಶ್ಚರ್ಯವಿಲ್ಲ.

ವಯಸ್ಕರ ಶ್ವಾಸಕೋಶದಲ್ಲಿ ಎಎಲ್‌ಕೆ ಬಹುಮಟ್ಟಿಗೆ ಮೌನವಾಗಿರುವ ಜೀನ್. ಇಎಂಎಲ್4ರ ಚಾಲಕ ಭಾಗ ಅದರ ಹಿಂದೆ ಬಂದು ಸೇರಿದಾಗ ಆ ಮೌನ ಮುರಿಯುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಇಎಂಎಲ್4ರ ಆರಂಭದ ತುದಿಗೆ ತನ್ನಂಥದೇ ಇನ್ನೊಂದು ಅಣುವಿನೊಂದಿಗೆ ಜೋಡಿಯಾಗುವ ಗುಣವಿದೆ. ಹೀಗೆ ಜೋಡಿಯಾದ, ಬೇರೆ ಪ್ರೋಟೀನುಗಳನ್ನು ಚಾಲೂ ಮಾಡುವ ಕಿಣ್ವಗಳಾದ ಎರಡು ಎಎಲ್‌ಕೆ ಕೈನೇಸ್‌ಗಳು ಹೊರಗಿನ ಯಾವ ಸಂಕೇತಕ್ಕೂ ಕಾಯದೆ ಪರಸ್ಪರ ಚಾಲೂ ಮಾಡಿಕೊಂಡು, ಬೆಳೆಯಲು ಕೋಶಕ್ಕೆ ಸದಾ ಆಜ್ಞೆ ಕೊಡುತ್ತಲೇ ಇರುತ್ತವೆ. ಒಟ್ಟು 1,059 ಅಮಿನೋ ಆಮ್ಲಗಳ ಈ ಪ್ರೋಟೀನಿನಲ್ಲಿ, ಕೈನೇಸ್ ಚಟುವಟಿಕೆಗೆ ಬೇಕಾದ ಒಂದೇ ಒಂದು ಲೈಸೀನನ್ನು ಬದಲಿಸಿದರೂ ಗುಪ್ಪೆಗಳು ಏಳುವುದಿಲ್ಲ ಎಂದು ಅವರು ತೋರಿಸಿದರು. ಔಷಧ ತಯಾರಿಸುವವರಿಗೆ ಬೇಕಾದ ಸುಳಿವು ಅದೇ ಆಗಿತ್ತು.

ಆಮೇಲೆ 75 ರೋಗಿಗಳ ಗೆಡ್ಡೆಗಳನ್ನು ಪರೀಕ್ಷಿಸಿದಾಗ ಐವರಲ್ಲಿ, ಅಂದರೆ ಶೇಕಡಾ 6.7ರಷ್ಟು ಮಂದಿಯಲ್ಲಿ ಈ ಬೆಸುಗೆ ಸಿಕ್ಕಿತು. ಆ ಐವರಲ್ಲಿ ಯಾರಿಗೂ, ಶ್ವಾಸಕೋಶದ ಕ್ಯಾನ್ಸರಿನಲ್ಲಿ 2004ರಲ್ಲಷ್ಟೇ ಪತ್ತೆಯಾಗಿದ್ದ ಇಜಿಎಫ್‌ಆರ್ ಜೀನಿನ ಬದಲಾವಣೆಗಳು ಇರಲಿಲ್ಲ. ಇಡೀ ಪ್ರಬಂಧದಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಒಂದು ವಾಕ್ಯವೆಂಬುದು ನನ್ನ ಅಭಿಪ್ರಾಯ. ಒಂದಿದ್ದಲ್ಲಿ ಇನ್ನೊಂದಿಲ್ಲವೆಂದರೆ, ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಈ ಗೆಡ್ಡೆಗಳು ಬೇರೆ ಬೇರೆ ಎಂಜಿನ್ನುಗಳಿಂದ ನಡೆಯುತ್ತಿವೆ ಎಂದಾಯಿತು. ಗಮನಿಸಬೇಕಾದ ವಿಪರ್ಯಾಸವೂ ಒಂದಿದೆ: ಈ ಜೀನ್ ಮೊದಲು ಸಿಕ್ಕಿದ್ದು ಧೂಮಪಾನಿಯೊಬ್ಬರಲ್ಲಾದರೂ, ಮುಂದೆ ಜಗತ್ತಿನಾದ್ಯಂತ ಕಂಡ ಬಹುಪಾಲು ಎಎಲ್‌ಕೆ ರೋಗಿಗಳು ಬೀಡಿ ಸಿಗರೇಟು ಮುಟ್ಟದವರು ಅಥವಾ ಹೆಚ್ಚು ಸೇದದವರು, ಮತ್ತು ಉಳಿದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಿಗಿಂತ ಕಿರಿಯರು.

ಮರುವರ್ಷ ಇದೇ ತಂಡ, ಇಲಿಗಳ ಶ್ವಾಸಕೋಶದ ಗಾಳಿಗೂಡುಗಳ ಕೋಶಗಳಲ್ಲಿ ಮಾತ್ರ ಈ ಜೀನ್ ಕೆಲಸ ಮಾಡುವಂತೆ ಮಾಡಿತು. ಹುಟ್ಟಿದ ಕೆಲವೇ ವಾರಗಳಲ್ಲಿ ಆ ಇಲಿಗಳ ಎರಡೂ ಶ್ವಾಸಕೋಶಗಳಲ್ಲಿ ನೂರಾರು ಗಂಟುಗಳು ಎದ್ದವು. ಎಎಲ್‌ಕೆ ತಡೆಯುವ ರಾಸಾಯನಿಕವನ್ನು ಕೊಟ್ಟಾಗ ಅವು ಕುಗ್ಗಿದವು. ಅಷ್ಟರಲ್ಲಿ ಮೆಟ್ ಎಂಬ ಬೇರೊಂದು ಕೈನೇಸಿಗಾಗಿ ಫೈಜರ್ ಕಂಪನಿ ರೂಪಿಸಿದ್ದ ಕ್ರಿಜೋಟಿನಿಬ್ ಮನುಷ್ಯರ ಮೇಲಿನ ಪ್ರಯೋಗದಲ್ಲಿತ್ತು, ಮತ್ತು ಅದು ಎಎಲ್‌ಕೆಯನ್ನೂ ತಡೆಯುತ್ತದೆಂಬುದು ಗೊತ್ತಿತ್ತು. ಸುಮಾರು 1,500 ರೋಗಿಗಳನ್ನು ಪರೀಕ್ಷಿಸಿ ಆಯ್ದ 82 ಎಎಲ್‌ಕೆ ರೋಗಿಗಳಲ್ಲಿ ಶೇಕಡಾ 57ರಷ್ಟು ಮಂದಿಯ ಗೆಡ್ಡೆ ಗಣನೀಯವಾಗಿ ಕುಗ್ಗಿದ್ದು 2010ರಲ್ಲಿ ಪ್ರಕಟವಾಯಿತು. 2011ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ದೊರೆಯಿತು. ಜೀನ್ ಪತ್ತೆಯಾಗಿ ನಾಲ್ಕೇ ವರ್ಷಕ್ಕೆ ಮಾತ್ರೆ ರೋಗಿಯ ಕೈ ಸೇರಿತೆಂದರೆ, ಕ್ಯಾನ್ಸರ್ ಔಷಧಗಳ ಇತಿಹಾಸ ಬಲ್ಲವರು ಇಂದಿಗೂ ತಲೆದೂಗುತ್ತಾರೆ. ಸಿದ್ಧವಿದ್ದ ಔಷಧವೊಂದು ಕೈಗೆ ಸಿಕ್ಕಿದ ಅದೃಷ್ಟವೂ ಅದರಲ್ಲಿತ್ತೆಂಬುದನ್ನು ಮರೆಯಬಾರದು.

ಔಷಧದ ಯಶಸ್ಸು ಪ್ರಕಟವಾದ ಅದೇ ಸಂಚಿಕೆಯಲ್ಲಿ ಅದರ ಮಿತಿಯನ್ನು ತೋರಿಸಿದ್ದೂ ಮಾನೊ ಅವರ ತಂಡವೇ. ಕ್ರಿಜೋಟಿನಿಬ್‌ನಿಂದ ಚೇತರಿಸಿಕೊಂಡು, ಕೆಲವು ತಿಂಗಳಲ್ಲಿ ಮತ್ತೆ ರೋಗ ಉಲ್ಬಣಿಸಿದ ರೋಗಿಯೊಬ್ಬರ ಕೋಶಗಳನ್ನು ಓದಿದಾಗ, ಕೈನೇಸ್ ಭಾಗದಲ್ಲಿ ಎರಡು ಹೊಸ ಬದಲಾವಣೆಗಳು ಸಿಕ್ಕವು. ಅವೆರಡೂ ಒಂದೇ ಅಣುವಿನಲ್ಲಿರಲಿಲ್ಲ. ಗೆಡ್ಡೆಯೊಳಗಿನ ಎರಡು ಬೇರೆ ಬೇರೆ ಕೋಶವಂಶಗಳು ತಂತಮ್ಮ ದಾರಿಯಲ್ಲಿ ಔಷಧದಿಂದ ತಪ್ಪಿಸಿಕೊಂಡಿದ್ದವು. ಒಂದು ಬದಲಾವಣೆಯಂತೂ ಔಷಧ ಕೂರುವ ಗೂಡಿನ ಬಾಗಿಲಲ್ಲೇ ಇತ್ತು, ಲ್ಯುಕೇಮಿಯಾದಲ್ಲಿ ಇಮಾಟಿನಿಬ್‌ಗೆ ಅಡ್ಡಿಯಾದ ಬದಲಾವಣೆಗೆ ಸರಿಸಮನಾದ ಜಾಗದಲ್ಲಿ. ಅಲೆಕ್ಟಿನಿಬ್, ಲೊರ್ಲಾಟಿನಿಬ್‌ನಂಥ ನಂತರದ ಔಷಧಗಳು ಇಂಥ ಬದಲಾವಣೆಗಳನ್ನೂ ಮೆದುಳಿಗೆ ಹರಡುವ ರೋಗವನ್ನೂ ಗುರಿಯಾಗಿಸಿಕೊಂಡು ಬಂದವು. 2024ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಲೊರ್ಲಾಟಿನಿಬ್ ಪಡೆದವರಲ್ಲಿ ಶೇಕಡಾ 60ರಷ್ಟು ಮಂದಿ ಐದು ವರ್ಷವಾದರೂ ರೋಗ ಮುಂದುವರಿಯದೆ ಇದ್ದರು. ಕ್ರಿಜೋಟಿನಿಬ್ ಪಡೆದವರಲ್ಲಿ ಈ ಪ್ರಮಾಣ ಶೇಕಡಾ 8 ಮಾತ್ರ.

ರೋಗಶಾಸ್ತ್ರ ಪ್ರಯೋಗಾಲಯದಲ್ಲಿ ಕೂತು ಕೆಲಸ ಮಾಡುವ ನನ್ನಂಥವರಿಗೆ ಈ ಪ್ರಬಂಧ ಪ್ರತಿದಿನದ ದುಡಿಮೆಯಾಗಿ ಎದುರಾಗುತ್ತದೆ. ಫಿಶ್ ಪರೀಕ್ಷೆಯಲ್ಲಿ ಎಎಲ್‌ಕೆಯ ಎರಡು ಬದಿಗಳಿಗೆ ಕೆಂಪು ಮತ್ತು ಹಸಿರು ಹೊಳಪನ್ನು ಅಂಟಿಸುತ್ತೇವೆ. ಜೀನ್ ಮುರಿಯದಿದ್ದರೆ ಎರಡೂ ಕೂಡಿ ಹಳದಿಯಾಗಿ ಕಾಣುತ್ತವೆ, ಮುರಿದಿದ್ದರೆ ದೂರ ಸರಿಯುತ್ತವೆ. ಐವತ್ತು ಕೋಶಗಳನ್ನು ಎಣಿಸಿ, ಶೇಕಡಾ 15 ಅಥವಾ ಅದಕ್ಕಿಂತ ಹೆಚ್ಚಿನವುಗಳಲ್ಲಿ ಮುರಿತವಿದ್ದರೆ ಇದೆ ಎಂದು ಬರೆಯುವುದು ರೂಢಿ. ತಿರುಗಿಕೊಂಡ ತುಣುಕು ಚಿಕ್ಕದಾದ್ದರಿಂದ ಬಣ್ಣಗಳ ನಡುವಿನ ಅಂತರವೂ ಕೆಲವೊಮ್ಮೆ ತೀರ ಕಿರಿದಾಗಿರುತ್ತದೆ. ಕಣ್ಣು ಕಿರಿದು ಮಾಡಿ ನೋಡಿದರೂ ಸಂದೇಹ ಉಳಿಯುವ ಕೋಶಗಳಿರುತ್ತವೆ. ಡಿ5ಎಫ್3 ಎಂಬ ಪ್ರತಿಕಾಯದಿಂದ ಪ್ರೋಟೀನಿಗೇ ಬಣ್ಣ ಕೊಡುವ ವಿಧಾನ ನನಗೆ ಹೆಚ್ಚು ಹಿಡಿಸಿದ್ದು ಆ ಕಾರಣಕ್ಕೆ. ಸಹಜ ಶ್ವಾಸಕೋಶ ಈ ಪ್ರೋಟೀನನ್ನು ತಯಾರಿಸದೆ ಇರುವುದರಿಂದ ಗೆಡ್ಡೆಯ ಕೋಶಗಳು ಕಂದು ಬಣ್ಣಕ್ಕೆ ಗಾಢವಾಗಿ ತಿರುಗಿದರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ, ಮತ್ತು ಇಎಂಎಲ್4 ಯಾವ ಜಾಗದಲ್ಲಿ ಮುರಿದಿದೆ ಎಂಬ ಪ್ರಶ್ನೆಯೂ ಅಡ್ಡ ಬರುವುದಿಲ್ಲ.

ನಮ್ಮಲ್ಲಿ ನಿಜವಾದ ತೊಡಕು ಇರುವುದು ಇನ್ನೊಂದು ಕಡೆ. ಎಷ್ಟೋ ರೋಗಿಗಳು ಮೊದಲು ಇದನ್ನು ಕ್ಷಯವೆಂದು ಭಾವಿಸಿ ಕ್ಷಯರೋಗದ ಮಾತ್ರೆ ನುಂಗಿ, ತಡವಾಗಿ ಬರುತ್ತಾರೆ. ಸೂಜಿಯಿಂದ ತೆಗೆದ ಅಂಗಾಂಶ ದಾರದ ಎಳೆಯಷ್ಟಿರುತ್ತದೆ, ಮತ್ತು ರೋಗ ಯಾವುದೆಂದು ನಿರ್ಧರಿಸುವಷ್ಟರಲ್ಲೇ ಅದರ ಬಹುಪಾಲು ಕತ್ತರಿಸಿ ಮುಗಿದಿರುತ್ತದೆ. ಅಡಿನೋಕಾರ್ಸಿನೋಮವೆಂದು ಖಚಿತವಾದ ಕೂಡಲೇ ಬೇರೆ ಬಣ್ಣ ಕೊಡುವ ಪರೀಕ್ಷೆಗಳಿಗೆ ಕೈ ಹಾಕದೆ, ಉಳಿದ ಚೂರನ್ನು ಇಜಿಎಫ್‌ಆರ್ ಮತ್ತು ಎಎಲ್‌ಕೆ ಪರೀಕ್ಷೆಗಳಿಗೆ ಎತ್ತಿಡಬೇಕೆಂದು ನಾನು ಕಿರಿಯ ಸಹೋದ್ಯೋಗಿಗಳಿಗೆ ಹೇಳುತ್ತಲೇ ಇರುತ್ತೇನೆ.