ಹುಲಿ ಕಾಣದ ಪ್ರವಾಸದ ವರದಿ

ಅಣಶಿಯ ಕಾಡಿಗೆ ಶಾಲಾ ಪ್ರವಾಸ ಹೋಗಿ ಮರಳುವಾಗ, ಬಸ್ಸು ಘಟ್ಟವಿಳಿದು ಕದ್ರಾ ದಾಟುವ ಹೊತ್ತಿಗೆ, ಎಂಟನೆಯ ತರಗತಿಯ ಹುಡುಗನೊಬ್ಬ ಹಿಂದಿನ ಸೀಟಿನಿಂದ ಎದ್ದು ಬಂದು, "ಅಕ್ಕೋರೇ, ಹುಲಿ ಕಾಣಲೇ ಇಲ್ಲ. ಇನ್ನು ವರದಿಯಲ್ಲಿ ಎಂತ ಬರೆಯೂದು?" ಎಂದು ಕೇಳಿದ. ಅವನ ಮುಖದಲ್ಲಿ ತುಂಟತನವಿರಲಿಲ್ಲ, ನಿಜವಾಗಿಯೂ ಚಿಂತೆಯಿತ್ತು. ಕಾರವಾರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿರುವ ನಾನು ಆ ಪ್ರಶ್ನೆಗೆ ಅಂದು ಸರಿಯಾದ ಉತ್ತರ ಕೊಡಲಿಲ್ಲ. "ಕಂಡದ್ದನ್ನು ಬರೆ" ಎಂದು ಹೇಳಿ ಕೂರಿಸಿದೆ. ಅವನು ಬರೆದ ವರದಿ ಒಂದೂವರೆ ಪುಟದ್ದು. ಅದರಲ್ಲಿ ಉಪ್ಪಿಟ್ಟು, ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರ ಹೆಸರುಗಳು ಮತ್ತು ಎರಡು ಮಂಗಗಳು ಇದ್ದವು.

ತಪ್ಪು ಹುಡುಗನದಲ್ಲ. ಹೊರಡುವ ಮೊದಲು ಒಂದು ವಾರ ನಾನು ತರಗತಿಯಲ್ಲಿ ಮಾತನಾಡಿದ್ದೆಲ್ಲ ಹುಲಿಯ ಬಗ್ಗೆ, ಕಪ್ಪು ಚಿರತೆಯ ಬಗ್ಗೆ. ಗೋಡೆಗೆ ಅಂಟಿಸಿದ ಚಿತ್ರವೂ ಹುಲಿಯದೇ ಆಗಿತ್ತು. ಐವತ್ತು ಮಕ್ಕಳನ್ನು ಒಂದೇ ಬಸ್ಸಿನಲ್ಲಿ ತುಂಬಿಕೊಂಡು, ದಾರಿಯುದ್ದಕ್ಕೂ ಅಂತ್ಯಾಕ್ಷರಿ ಆಡಿಸಿಕೊಂಡು ಹೋಗಿ, ನಡುಹಗಲಿನಲ್ಲಿ ಕಾಡಿನ ಅಂಚಿಗೆ ಇಳಿಸಿದರೆ ಯಾವ ಹುಲಿ ಎದುರು ಬಂದು ನಿಂತೀತು? ಮಕ್ಕಳಿಗೆ ಇಲ್ಲದ ಆಸೆ ಹುಟ್ಟಿಸಿ, ಬಳಿಕ ಅದು ಈಡೇರಲಿಲ್ಲವೆಂಬ ಬೇಸರವನ್ನೇ ಪಾಠವಾಗಿ ಮನೆಗೆ ಕಳಿಸಿದ್ದೆ. ಇದು ಆರೇಳು ವರ್ಷಗಳ ಹಿಂದಿನ ಮಾತು. ಆ ಬಳಿಕ ನಾವು ಪ್ರವಾಸದ ಕ್ರಮವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿಕೊಂಡು ಬಂದಿದ್ದೇವೆ. ಅದರಲ್ಲಿ ಸರಿಹೋದದ್ದನ್ನೂ ಸರಿಹೋಗದೆ ಉಳಿದದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಈಗ ನಾನು ತರಗತಿಯಲ್ಲಿ ಹುಲಿಯಿಂದ ಆರಂಭಿಸುವುದಿಲ್ಲ, ಹೊಳೆಯಿಂದ ಆರಂಭಿಸುತ್ತೇನೆ. ನಮ್ಮ ಮಕ್ಕಳಿಗೆ ಕಾಳಿ ನದಿ ಎಂದರೆ ಸದಾಶಿವಗಡದ ಬಳಿ ಕಡಲು ಸೇರುವ ಅಗಲವಾದ ನೀರು. ಇಳಿತದ ಹೊತ್ತಿನಲ್ಲಿ ಬೆಳಚು ಎಂಬ ಚಿಪ್ಪಿಮೀನು ಆರಿಸುವ ಜಾಗ. ದಡದ ಕೆಸರಿನಲ್ಲಿ ಬೇರು ಎತ್ತಿ ನಿಂತ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಅದೇ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ನಮ್ಮ ಜಿಲ್ಲೆಯ ಗಡಿಯನ್ನು ಎಲ್ಲಿಯೂ ದಾಟದೆ ಕಾರವಾರದಲ್ಲಿ ಕೊನೆಗೊಳ್ಳುತ್ತದೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಹೊಸ ಸಂಗತಿ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳ ಹೆಸರು ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಕದ್ರಾದ ಗೇಟು ತೆಗೆದರೆ ಕೆಳಗಿನ ಊರುಗಳಿಗೆ ನೀರು ನುಗ್ಗುವುದನ್ನು ಕೆಲವರು ಕಣ್ಣಾರೆ ಕಂಡಿದ್ದಾರೆ. ಆದರೆ ಆ ಅಣೆಕಟ್ಟುಗಳಿಗೆ ನೀರು ಕೊಡುವ ಬೆಟ್ಟಗಳ ಬಹುಪಾಲು ಕಾಡು ಯಾಕೆ ಉಳಿದಿದೆ ಎಂದು ಯಾರೂ ಯೋಚಿಸಿರುವುದಿಲ್ಲ. ದಾಂಡೇಲಿ ಅಭಯಾರಣ್ಯದ ಭಾಗವನ್ನು ಬೇರ್ಪಡಿಸಿ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವನ್ನು ಘೋಷಿಸಿದ್ದು, 2007ರಲ್ಲಿ ಎರಡನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದ್ದು, 2015ರಲ್ಲಿ ಅದಕ್ಕೆ ಕಾಳಿಯ ಹೆಸರನ್ನೇ ಇಟ್ಟದ್ದು, ಇವನ್ನು ಈ ಹಿನ್ನೆಲೆಯಲ್ಲಿ ಹೇಳಿದಾಗ ಇಸವಿಗಳು ಬರೀ ಬಾಯಿಪಾಠದ ಇಸವಿಗಳಾಗಿ ಉಳಿಯುವುದಿಲ್ಲ. ಹುಲಿಗಾಗಿ ಮೀಸಲಿಟ್ಟ ಕಾಡಿಗೆ ನದಿಯ ಹೆಸರು ಯಾಕೆ ಎಂಬ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಹಾಗೆಯೇ ಬಿಡುತ್ತೇನೆ.

ಉತ್ತರವನ್ನು ಕಾಡಿನಲ್ಲಿ ಹುಡುಕುವುದಕ್ಕೆ ನಾವು ಒಯ್ಯುವ ಸಲಕರಣೆ ಎರಡು ಸ್ಟೀಲ್ ಬಾಟಲಿ, ಒಂದು ಕೈಗಡಿಯಾರ. ಒಂದೊಂದು ಬಾಟಲಿಯಲ್ಲಿ ಒಂದು ಲೀಟರ್ ನೀರು. ಗಾರ್ಡ್ ಒಬ್ಬರ ಒಪ್ಪಿಗೆ ಪಡೆದು, ಮೊದಲನೆಯದನ್ನು ಜನ ನಡೆದು ನಡೆದು ಗಟ್ಟಿಯಾದ ಕಾಲುದಾರಿಯ ಮೇಲೆ ಸುರಿಯುತ್ತೇವೆ. ನೀರು ಕೆಂಪಗಾಗಿ, ಇಳಿಜಾರು ಹಿಡಿದು, ಮಕ್ಕಳ ಚಪ್ಪಲಿಯನ್ನು ತೋಯಿಸಿ ಓಡುತ್ತದೆ. ಎರಡನೆಯದನ್ನು ಅಲ್ಲಿಂದ ನಾಲ್ಕೇ ಹೆಜ್ಜೆ ಆಚೆ, ಮರದ ಬುಡದ ದರಕಿನ ಮೇಲೆ ಅಷ್ಟೇ ನಿಧಾನವಾಗಿ ಸುರಿಯುತ್ತೇವೆ. ಅದು ಎಲ್ಲಿಗೂ ಹೋಗುವುದಿಲ್ಲ. ಒಣಗಿದ ಎಲೆಗಳು ಒಮ್ಮೆ ಹೊಳೆದು, ಚಟಚಟನೆ ಸಣ್ಣ ಸದ್ದಾಗಿ, ನೀರು ಇದ್ದಲ್ಲಿಯೇ ಇಲ್ಲವಾಗುತ್ತದೆ. ಮೇಲಿನ ಪದರವನ್ನು ಬೆರಳಿನಿಂದ ಸರಿಸಿದರೆ ಕೆಳಗೆ ಅರ್ಧ ಕೊಳೆತ ಎಲೆ, ಅದರ ಕೆಳಗೆ ಎಲೆಯ ನರಗಳು ಮಾತ್ರ ಉಳಿದ ಜಾಳಿಗೆ, ಅದರ ಕೆಳಗೆ ಬಿಳಿಯ ನೂಲಿನಂಥ ಶಿಲೀಂಧ್ರ, ಮತ್ತೆ ಕಪ್ಪು ಮಣ್ಣು. ನಡುವೆ ಒಂದು ಉಂಬಳ ತಲೆಯೆತ್ತಿ ನೋಡಿದರೆ ಪಾಠ ಐದು ನಿಮಿಷ ನಿಂತುಹೋಗುತ್ತದೆ; ಅದಕ್ಕೂ ಸಮಯ ಇಟ್ಟುಕೊಂಡೇ ಹೋಗಬೇಕು. ಜೂನ್‌ನಲ್ಲಿ ಬಿದ್ದ ಮಳೆ ಬೇಸಿಗೆಯಲ್ಲಿಯೂ ಹಳ್ಳದಲ್ಲಿ ಹರಿಯುವುದು ಹೇಗೆ ಎಂಬುದನ್ನು ನಾನು ಹತ್ತು ವರ್ಷ ಜಲಚಕ್ರದ ಚಿತ್ರ ಬರೆದು ಕಲಿಸಿದ್ದೇನೆ. ಆ ಚಿತ್ರದಿಂದ ಯಾರಿಗೂ ತಿಳಿಯದಿದ್ದದ್ದು ಎರಡು ಲೀಟರ್ ನೀರಿನಲ್ಲಿ ತಿಳಿದದ್ದನ್ನು ನೋಡಿದರೆ ಆ ಹತ್ತು ವರ್ಷಗಳ ಬಗ್ಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಕಳೆದ ಬಾರಿ ನಾವು ಹೋದದ್ದು ನವೆಂಬರಿನಲ್ಲಿ. ನಮ್ಮೊಂದಿಗೆ ನಡೆದ ಅರಣ್ಯ ಇಲಾಖೆಯ ವಾಚರ್ ಅಲ್ಲಿಯದೇ ಕುಣಬಿ ಸಮುದಾಯದವರು, ಮಿತಭಾಷಿ. ಅವರು ಮಕ್ಕಳನ್ನು ಒಂದು ಎತ್ತರದ ಮರದ ಕೆಳಗೆ ನಿಲ್ಲಿಸಿ, ಮೇಲಿನ ಪೊಟರೆಯನ್ನು ತೋರಿಸಿ, ಅದು ಮಂಗಟ್ಟೆ ಹಕ್ಕಿಯ ಗೂಡು, ಈಗ ಖಾಲಿ ಎಂದರು. ಬೇಸಿಗೆಯ ಆರಂಭದಲ್ಲಿ ಹೆಣ್ಣು ಹಕ್ಕಿ ಪೊಟರೆಯೊಳಗೆ ಸೇರಿ, ಬಾಯನ್ನು ಒಂದು ಸೀಳು ಮಾತ್ರ ಬಿಟ್ಟು ಮುಚ್ಚಿಕೊಳ್ಳುತ್ತದೆ; ತಿಂಗಳುಗಟ್ಟಲೆ ಗಂಡು ಹಕ್ಕಿ ಅತ್ತಿ, ಗೋಳಿ, ರಾಮಪತ್ರೆ ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣಿಸುತ್ತದೆ. ಇಷ್ಟನ್ನು ನಾನೂ ಪುಸ್ತಕದಲ್ಲಿ ಓದಿ ಬಲ್ಲೆ. ನಾನು ನೋಡದೆ ಹೋಗಿದ್ದದ್ದು ನಮ್ಮ ಕಾಲಬುಡದಲ್ಲಿತ್ತು. ವಾಚರ್ ಕುಕ್ಕುರುಗಾಲಿನಲ್ಲಿ ಕುಳಿತು ದರಕು ಸರಿಸಿದರು. ಮರದ ಬುಡದ ಸುತ್ತ, ಪೊಟರೆಯ ನೇರ ಕೆಳಗೆ, ಒತ್ತೊತ್ತಾಗಿ ಹುಟ್ಟಿದ ಸಸಿಗಳು. ಮೇಲಿನಿಂದ ಉಗುಳಿದ, ಹಿಕ್ಕೆಯೊಂದಿಗೆ ಬಿದ್ದ ಬೀಜಗಳು ಮಳೆಗೆ ಮೊಳೆತಿದ್ದವು. ಒಂದು ಸಸಿಯ ಬುಡದಲ್ಲಿ ಒಡೆದ ಬೀಜದ ಚಿಪ್ಪು ಇನ್ನೂ ಅಂಟಿಕೊಂಡಿತ್ತು. ರಾಮಪತ್ರೆಯಂಥ ದಪ್ಪ ಬೀಜವನ್ನು ಇಡಿಯಾಗಿ ನುಂಗಿ, ದೂರ ಒಯ್ದು ಬೀಳಿಸುವ ಹಕ್ಕಿಗಳು ಕಾಡಿನಲ್ಲಿ ಕೆಲವೇ ಇವೆ; ಆ ಹಕ್ಕಿ ಹೋದರೆ ಮರ ಕೂಡಲೇ ಸಾಯುವುದಿಲ್ಲ, ಆದರೆ ಅದರ ಮಕ್ಕಳು ತಾಯಿಯ ನೆರಳಿನಲ್ಲಿಯೇ ಮುರುಟುತ್ತವೆ. ಹೀಗೆ ವಿವರಿಸಿದವಳು ನಾನು. ವಾಚರ್ ಹೇಳಿದ್ದು ಇಷ್ಟೇ: "ಹಕ್ಕಿ ತೋಟ ಮಾಡ್ತದೆ, ಮಾರೂದಿಲ್ಲ." ಮಕ್ಕಳು ನಕ್ಕರು, ಬರೆದುಕೊಂಡರು. ನನ್ನ ವಿವರಣೆಯನ್ನು ಯಾರೂ ಬರೆದುಕೊಂಡಿರಲಿಲ್ಲ.

ಇನ್ನು ಕಷ್ಟದ ಭಾಗ. ಸಂರಕ್ಷಣೆ ಎಂದರೆ ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ 'ಮಾಡಬಾರದು'ಗಳ ಪಟ್ಟಿ. ಮರ ಕಡಿಯಬಾರದು, ಹಣ್ಣು ಕೀಳಬಾರದು, ದನ ಮೇಯಿಸಬಾರದು. ಆ ಪಟ್ಟಿಯನ್ನು ಓದಿದ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಜ್ಜನ ಮನೆ ಸಿದ್ದಾಪುರದ ಘಟ್ಟದಂಚಿನಲ್ಲಿದೆ. ಅಲ್ಲಿ ಉಪ್ಪಾಗೆ ಎಂಬ ಹುಳಿ ಕಾಡುಹಣ್ಣು ಸಿಗುತ್ತದೆ. "ನಮ್ಮ ಅಜ್ಜಿ ಮಳೆಗಾಲದಲ್ಲಿ ಬೆಟ್ಟದಿಂದ ಉಪ್ಪಾಗೆ ತಂದು ಒಣಗಿಸಿ ಮಾರ್ತಾರೆ. ಅವರು ಕಳ್ಳರಾ ಅಕ್ಕೋರೇ?" ಎಂದಳು. ತರಗತಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ನನಗೆ ಹೊಳೆದದ್ದೇನೆಂದರೆ, ಕಾಡಿನ ಅಂಚಿನ ಮಕ್ಕಳಿಗೆ ನಾನು ಪರಿಸರ ಪಾಠದ ಹೆಸರಿನಲ್ಲಿ ಅವರ ಮನೆಯವರ ಮೇಲೆಯೇ ದೂರು ಹೇಳುತ್ತಿದ್ದೆ.

ಅಂದಿನಿಂದ ಕಾನೂನನ್ನು ಬಿಡಿಸಿ ಹೇಳುವುದಕ್ಕೆ ಒಂದು ಪೂರ್ತಿ ಅವಧಿ ತೆಗೆದಿಡುತ್ತೇನೆ. ಎಲ್ಲ ಕಾಡೂ ಒಂದೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವಂತಿಲ್ಲ. ಅಭಯಾರಣ್ಯದಲ್ಲಿ ಕೆಲವು ಹಕ್ಕುಗಳು ಮುಂದುವರಿಯಲು ಅವಕಾಶವಿದೆ. 2002ರ ತಿದ್ದುಪಡಿಯಿಂದ ಬಂದ ಸಂರಕ್ಷಣಾ ಮೀಸಲಿನಲ್ಲಿ ಸುತ್ತಲಿನ ಜನರನ್ನೂ ಜೊತೆಗಿಟ್ಟುಕೊಂಡು ಕಾಡನ್ನು ನೋಡಿಕೊಳ್ಳುವ ಏರ್ಪಾಡಿದೆ. 2011ರಲ್ಲಿ ಘೋಷಣೆಯಾದ ಅಘನಾಶಿನಿಯ ಸಿಂಗಳೀಕ ಸಂರಕ್ಷಣಾ ಮೀಸಲು ಇಂಥದ್ದಾಗಿತ್ತು; 2019ರಲ್ಲಿ ಅದನ್ನು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಲಾಯಿತು. ಅಲ್ಲಿನ ಸಿಂಗಳೀಕಕ್ಕೂ ಉಪ್ಪಾಗೆ ಬೇಕು, ಜನರಿಗೂ ಉಪ್ಪಾಗೆ ಬೇಕು. ಹಾಗಾದರೆ ಒಂದು ಮರದಿಂದ ಎಷ್ಟು ಕೀಳಬೇಕು, ಎಷ್ಟು ಬಿಡಬೇಕು, ಕೊಂಬೆ ಕಡಿದು ಹಣ್ಣು ಉದುರಿಸಿದರೆ ಮುಂದಿನ ವರ್ಷ ಏನಾಗುತ್ತದೆ, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಎಷ್ಟು ಸೌದೆ ಬೇಕು? ಈ ಪ್ರಶ್ನೆಗಳಿಗೆ ಆ ಹುಡುಗಿ ಅಜ್ಜಿಯಿಂದ ಫೋನಿನಲ್ಲಿ ಕೇಳಿ ತಂದ ಉತ್ತರಗಳು ನನ್ನ ಟಿಪ್ಪಣಿಗಿಂತ ಚೆನ್ನಾಗಿದ್ದವು. ಸೂಪಾ ಅಣೆಕಟ್ಟಿಗಾಗಿ ಊರು ಬಿಟ್ಟವರು ರಾಮನಗರದಲ್ಲಿ ನೆಲೆಸಿದ ಕಥೆಯನ್ನೂ ನಾನು ಈ ಅವಧಿಯಲ್ಲಿಯೇ ಹೇಳುತ್ತೇನೆ. ಕಾಡು ಉಳಿಸುವುದಕ್ಕಾಗಲಿ ಮುಳುಗಿಸುವುದಕ್ಕಾಗಲಿ ಎದ್ದು ಹೋಗಬೇಕಾದವರು ಹೆಚ್ಚಾಗಿ ಅದರ ಪಕ್ಕದಲ್ಲಿದ್ದವರೇ ಎಂಬುದನ್ನು ಹದಿನಾಲ್ಕು ವರ್ಷದ ಮಕ್ಕಳಿಂದ ಮರೆಮಾಚುವುದು ಸರಿಯಲ್ಲ.

ಅಪ್ಪಿಕೊ ಚಳವಳಿಯನ್ನು ಕೂಡ ನಾನು ಬಹಳ ಕಾಲ ಚಿಪ್ಕೊದ ಬಾಲವೆಂಬಂತೆ ಒಂದು ಸಾಲಿನಲ್ಲಿ ಮುಗಿಸುತ್ತಿದ್ದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಭಾಗದ ಜನ ಮರಗಳನ್ನು ಅಪ್ಪಿ ನಿಂತದ್ದು ನಮ್ಮ ಜಿಲ್ಲೆಯಲ್ಲಿಯೇ ಎಂದರೆ ಮಕ್ಕಳು ಮೊದಲು ನಂಬುವುದಿಲ್ಲ. ಇತಿಹಾಸವೆಂದರೆ ಬೇರೆ ಊರಿನಲ್ಲಿ ನಡೆಯುವಂಥದ್ದು ಎಂದು ಅವರಿಗೆ ಹೇಗೋ ಅಭ್ಯಾಸವಾಗಿದೆ.

ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನದಂಥ ಕಾರ್ಯಕ್ರಮ ಸರ್ಕಾರಿ ಶಾಲೆಯ ಮಕ್ಕಳಿಗೆ ದೊಡ್ಡ ಅವಕಾಶ. ಕಾಡಿನಲ್ಲಿ ಒಂದು ರಾತ್ರಿ ಕಳೆದ ಮಗು ಮರುದಿನ ಮಾತನಾಡುವ ರೀತಿಯೇ ಬೇರೆ. ಆದರೆ ವರ್ಷಕ್ಕೊಮ್ಮೆ ಕೆಲವರಿಗೆ ಮಾತ್ರ ಸಿಗುವ ಈ ಭಾಗ್ಯವನ್ನು ನಂಬಿ ಉಳಿದ ಮುನ್ನೂರು ದಿನ ಸುಮ್ಮನಿರುವಂತಿಲ್ಲ. ನಮಗೆ ಅದೃಷ್ಟವಶಾತ್ ಕಾಂಡ್ಲಾ ಇದೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಇಳಿತದ ಹೊತ್ತು ನೋಡಿಕೊಂಡು ಕಾಳಿಯ ದಡಕ್ಕೆ ನಡೆದುಹೋದರೆ ಬಸ್ಸಿನ ಖರ್ಚೂ ಇಲ್ಲ. ತಾಯಿಮರದಲ್ಲಿ ಇರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಜೋತುಬಿದ್ದು, ಕೆಸರಿಗೆ ನೆಟ್ಟಗೆ ನಾಟಿಕೊಳ್ಳುವ ಅದರ ಬೀಜವನ್ನು ಒಮ್ಮೆ ಕೈಯಲ್ಲಿ ಹಿಡಿದ ಮಗುವಿಗೆ ಮಂಗಟ್ಟೆಯ ಬೀಜದ ಕಥೆಯನ್ನು ಅದರ ಪಕ್ಕದಲ್ಲಿಟ್ಟು ನೋಡಲು ಬರುತ್ತದೆ.

ಈ ವರ್ಷದ ಅರ್ಜಿಯನ್ನು ಮೊನ್ನೆ ವಲಯ ಅರಣ್ಯ ಕಚೇರಿಗೆ ಕೊಟ್ಟಾಗಿದೆ. ಮಕ್ಕಳು ಇಪ್ಪತ್ತೈದೇ ಜನ, ಬೆಳಗಿನ ಎರಡು ಗಂಟೆ, ಜೊತೆಗೆ ಒಬ್ಬ ವಾಚರ್. ಸಫಾರಿ ಜೀಪು ಕೇಳಿಲ್ಲ. ಅರ್ಜಿ ಬರೆಯುವಾಗ ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ಈ ಸಲ ಮೂರು ಬಾಟಲಿ ಒಯ್ಯೋಣ ಎಂದ. ಮೂರನೆಯದು ಯಾಕೆ ಎಂದು ಕೇಳಿದೆ. ನಮ್ಮ ಶಾಲೆಯ ಹಿಂದಿನ ಗುಡ್ಡದಲ್ಲಿ ಅಕೇಶಿಯಾ ನೆಡುತೋಪು ಇದೆಯಲ್ಲ, ಅಲ್ಲಿಯೂ ನೆಲದ ತುಂಬ ಒಣ ಎಲೆ ಬಿದ್ದಿದೆ, ಅದು ನೀರು ಕುಡಿಯುತ್ತದೆಯೋ ಇಲ್ಲವೋ ನೋಡಬೇಕು ಎಂದ. ಅದಕ್ಕೆ ಅಣಶಿಯವರೆಗೆ ಕಾಯಬೇಕಿಲ್ಲ ಎಂದು ಹೇಳಿ, ಸ್ಟಾಫ್ ರೂಮಿನಿಂದ ನನ್ನ ಬಾಟಲಿಯನ್ನೇ ಕೊಟ್ಟು ಕಳಿಸಿದ್ದೇನೆ.